ಮನೆಯಲ್ಲೇ ಹವಾಮಾನ ಅಳೆಯೋದು ಹೇಗೆ? ಬ್ಯಾರೋಮೀಟರ್‌ನಿಂದ ಮಳೆಮಾಪಕದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಗಾಳಿಯ ಒತ್ತಡ ಅಳೆಯೋ ಹೊಸ ಬ್ಯಾರೋಮೀಟರ್ ಗೋಡೆಗೆ ತೂಗುಹಾಕಿದ ಮೇಲೆ ಹೆಚ್ಚಿನವರು ಮಾಡೋದು ಇಷ್ಟೇ, ಮುಳ್ಳು ಎಲ್ಲಿದೆ ನೋಡ್ತಾರೆ, ಅದು ‘ಮಳೆ’ ಅಂತ ಬರೆದಿರೋ ಕಡೆ ನಿಂತಿದ್ರೆ ಕಿಟಕಿಯಿಂದ ಆಕಾಶ ನೋಡ್ತಾರೆ, ಅಲ್ಲಿ ಒಂದು ಚೂರು ಮೋಡಾನೂ ಇಲ್ಲ ಅಂದ್ರೆ ‘ಇದು ಕೆಟ್ಟೋಗಿದೆ’ ಅಂತ ತೀರ್ಮಾನ ಮಾಡ್ಬಿಡ್ತಾರೆ. ನಿಜ ಹೇಳ್ಬೇಕಂದ್ರೆ ನೂರಕ್ಕೆ ತೊಂಬತ್ತು ಸಲ ಅದು ಕೆಟ್ಟಿರಲ್ಲ, ಅದನ್ನ ಆ ಜಾಗದ ಎತ್ತರಕ್ಕೆ ಹೊಂದಿಸಿರಲ್ಲ ಅಷ್ಟೇ. ಥರ್ಮಾಮೀಟರ್, ಮಳೆಮಾಪಕ, ಗಾಳಿ ಅಳೆಯೋ ಬಟ್ಟಲುಗಳು ಎಲ್ಲದರ ಕಥೆನೂ ಹೀಗೇನೇ. ಎಷ್ಟು ದುಬಾರಿ ಉಪಕರಣ ಅನ್ನೋದಕ್ಕಿಂತ ಅದನ್ನ ಎಲ್ಲಿಟ್ಟಿದೀರಿ, ಎಷ್ಟೊತ್ತಿಗೆ ಓದ್ತೀರಿ, ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು, ಇದರ ಮೇಲೆ ಎಲ್ಲಾ ನಿಂತಿದೆ. ಈ ಬರಹದಲ್ಲಿ ಜಾಸ್ತಿ ಹೊತ್ತು ಬ್ಯಾರೋಮೀಟರ್ ಬಗ್ಗೆನೇ ಮಾತಾಡ್ತೀನಿ, ಯಾಕಂದ್ರೆ ಜನ ಜಾಸ್ತಿ ಎಡವೋದು ಅಲ್ಲೇ.

ಮೊದಲು, ಯಾವ ಬ್ಯಾರೋಮೀಟರ್?

ಇಟಲಿಯ ಟಾರಿಚೆಲ್ಲಿ 1643ರಲ್ಲಿ ಒಂದು ಕಡೆ ಮುಚ್ಚಿದ ಗಾಜಿನ ಕೊಳವೆಗೆ ಪಾದರಸ ತುಂಬಿ, ಅದನ್ನ ಪಾದರಸದ ಬಟ್ಟಲಲ್ಲಿ ತಲೆಕೆಳಗೆ ಮಾಡಿ ನಿಲ್ಲಿಸೋ ಪ್ರಯೋಗ ರೂಪಿಸಿದ. ಪಾದರಸ ಪೂರ್ತಿ ಕೆಳಗಿಳೀಲಿಲ್ಲ, ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತ್ಕೊಂಡ್ತು, ಹೊರಗಿನ ಗಾಳಿಯ ಭಾರ ಅದನ್ನ ಎತ್ತಿ ಹಿಡಿದಿತ್ತು. ನೀರಲ್ಲಿ ಇದೇ ಪ್ರಯೋಗ ಮಾಡೋಕೆ 10 ಮೀಟರ್‌ಗಿಂತ ಉದ್ದದ ಕೊಳವೆ ಬೇಕಾಗತ್ತೆ, ಯಾಕಂದ್ರೆ ಪಾದರಸ ನೀರಿಗಿಂತ 13.6 ಪಟ್ಟು ಭಾರ. ಈಗ ನಾವು ಬಳಸೋ ಯೂನಿಟ್ ಹೆಕ್ಟೋಪಾಸ್ಕಲ್, ಹಳೇ ಮಿಲಿಬಾರ್ ಕೂಡ ಅದೇ ಅಳತೆ. ಸಮುದ್ರಮಟ್ಟದ ಸ್ಟ್ಯಾಂಡರ್ಡ್ ಒತ್ತಡ 1013.25 ಹೆಕ್ಟೋಪಾಸ್ಕಲ್, ಅಂದ್ರೆ 760 ಮಿಲಿಮೀಟರ್ ಪಾದರಸ, ಇಂಚಲ್ಲಿ 29.92. ನಿಮ್ಮ ಡಯಲ್ ಮೇಲೆ ಎರಡು ಸ್ಕೇಲ್ ಇದ್ರೆ ಯಾವುದು ಯಾವುದು ಅಂತ ಇದರಿಂದ ಗುರುತಿಸ್ಕೊಳ್ಳಿ.

ಪಾದರಸದ್ದು ಮನೆಗೆ ಬೇಡವೇ ಬೇಡ. ಪಾದರಸದ ಆವಿ ವಿಷ, 2013ರ ಮಿನಮಾಟ ಒಪ್ಪಂದದ ಅಡಿ ಪಾದರಸದ ಬ್ಯಾರೋಮೀಟರ್, ಥರ್ಮಾಮೀಟರ್‌ಗಳನ್ನ ಹಂತಹಂತವಾಗಿ ನಿಲ್ಲಿಸ್ತಾ ಬಂದಿದಾರೆ. ಹಳೇದೊಂದು ಮನೇಲಿದ್ದು ಅದು ಒಡೆದ್ರೆ ಪೊರಕೆ ಹಾಕ್ಬೇಡಿ, ವ್ಯಾಕ್ಯೂಮ್ ಕ್ಲೀನರ್ ಅಂತೂ ಹತ್ರಾನೂ ತರಬೇಡಿ, ಎರಡೂ ಅದನ್ನ ಸಣ್ಣ ಸಣ್ಣ ಹನಿ ಮಾಡಿ ಹರಡತ್ವೆ. ಮಕ್ಕಳನ್ನ ಆಚೆ ಕಳಿಸಿ, ಕಿಟಕಿ ತೆಗೆದು, ಗಟ್ಟಿ ಕಾಗದದ ಅಂಚಿಂದ ಹನಿಗಳನ್ನ ಒಟ್ಟು ಮಾಡಿ ಮುಚ್ಚಳ ಇರೋ ಡಬ್ಬಿಗೆ ಹಾಕಿ.

ಉಳಿದಿದ್ದು ಎರಡು. ಒಂದು ಆನೆರಾಯ್ಡ್, ಫ್ರಾನ್ಸ್‌ನ ಲೂಸಿಯನ್ ವಿದಿ 1844ರಲ್ಲಿ ಮಾಡಿದ್ದು, ಒಳಗಡೆ ಗಾಳಿ ತೆಗೆದು ಮುಚ್ಚಿರೋ ತೆಳು ಲೋಹದ ಡಬ್ಬಿ ಇರತ್ತೆ, ಒತ್ತಡ ಹೆಚ್ಚಾದ್ರೆ ಕುಗ್ಗತ್ತೆ ಕಮ್ಮಿಯಾದ್ರೆ ಉಬ್ಬತ್ತೆ, ಆ ಸಣ್ಣ ಚಲನೆಯನ್ನ ಲಿವರ್‌ಗಳು ದೊಡ್ಡದು ಮಾಡಿ ಮುಳ್ಳಿಗೆ ಮುಟ್ಟಿಸ್ತವೆ. ಇನ್ನೊಂದು ಎಲೆಕ್ಟ್ರಾನಿಕ್ ಸೆನ್ಸರ್, ಬಿಎಂಪಿ280, ಬಿಎಂಇ280 ಥರದ್ದು. ಸುಮಾರು ಫೋನ್‌ಗಳ ಒಳಗೂ ಒತ್ತಡದ ಸೆನ್ಸರ್ ಇರತ್ತೆ, ಒಂದು ಆ್ಯಪ್ ಹಾಕಿದ್ರೆ ಸಾಕು, ಬರೀ ಕಲಿಯೋಕೆ ಶುರು ಮಾಡೋರು ಅದರಿಂದಾನೇ ಶುರು ಮಾಡ್ಬಹುದು. ಇಂಥ ಸೆನ್ಸರ್‌ಗಳು ಒತ್ತಡ ಎಷ್ಟು ಬದಲಾಯ್ತು ಅನ್ನೋದನ್ನ ತುಂಬಾ ಚೆನ್ನಾಗಿ ಹಿಡೀತವೆ, ಒಟ್ಟು ಒತ್ತಡ ಎಷ್ಟು ಅನ್ನೋದ್ರಲ್ಲಿ ಒಂದು ಹೆಕ್ಟೋಪಾಸ್ಕಲ್ ಆಚೀಚೆ ಆಗೋದು ಮಾಮೂಲು.

ಎಲ್ಲಿಡಬೇಕು, ಎತ್ತರ ಎಷ್ಟು

ಒಂದು ಒಳ್ಳೇ ಸುದ್ದಿ ಏನಂದ್ರೆ ಬ್ಯಾರೋಮೀಟರ್ ಮನೆ ಒಳಗೇ ಇರಬಹುದು, ಒಳಗೂ ಹೊರಗೂ ಒತ್ತಡ ಒಂದೇ ಇರತ್ತೆ. ಬಿಸಿಲು ಬೀಳೋ ಗೋಡೆ, ಎಸಿ ಎದುರು, ಒಲೆ ಹತ್ರ, ದಡಾರ್ ಅಂತ ಬಾಗಿಲು ಬಡಿಯೋ ಜಾಗ ಇವಿಷ್ಟು ಬಿಟ್ಟು ಕಣ್ಣಿನ ಎತ್ತರಕ್ಕೆ ಹಾಕಿ.

ಆಮೇಲೆ ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅಂತ ಪತ್ತೆ ಮಾಡಿ. ಇದು ಯಾಕೆ ಅಷ್ಟು ಮುಖ್ಯ ಅಂದ್ರೆ, 1648ರಲ್ಲಿ ವಿಜ್ಞಾನಿ ಪಾಸ್ಕಲ್ ತನ್ನ ಭಾವ ಪೆರಿಯೇ ಕೈಲಿ ಪಾದರಸದ ಕೊಳವೆ ಕೊಟ್ಟು ಫ್ರಾನ್ಸ್‌ನ ಪ್ವಿ ದ ಡೋಮ್ ಬೆಟ್ಟ ಹತ್ತಿಸಿದ್ದ, ಮೇಲೆ ಹೋಗೋಷ್ಟರಲ್ಲಿ ಪಾದರಸ ಸುಮಾರು 8 ಸೆಂಟಿಮೀಟರ್ ಇಳಿದಿತ್ತು, ಬೆಟ್ಟದ ಕೆಳಗೆ ಬಿಟ್ಟುಹೋಗಿದ್ದ ಇನ್ನೊಂದು ಕೊಳವೇಲಿ ಏನೂ ಬದಲಾಗಿರ್ಲಿಲ್ಲ. ಮೇಲಕ್ಕೆ ಹೋದಷ್ಟೂ ನಮ್ಮ ತಲೆ ಮೇಲಿರೋ ಗಾಳಿ ಕಮ್ಮಿ. ಸಮುದ್ರಮಟ್ಟದ ಹತ್ರ ಲೆಕ್ಕ ಹಿಡಿದ್ರೆ ಸುಮಾರು 8 ಮೀಟರ್‌ಗೆ 1 ಹೆಕ್ಟೋಪಾಸ್ಕಲ್ ಇಳಿಯತ್ತೆ. ಅಂದ್ರೆ ನೆಲಮಹಡಿಯಿಂದ ಮೂರನೇ ಮಹಡಿಗೆ ಉಪಕರಣ ಒಯ್ದ್ರೆ ಒಂದು ಹೆಕ್ಟೋಪಾಸ್ಕಲ್‌ಗಿಂತ ಜಾಸ್ತಿನೇ ವ್ಯತ್ಯಾಸ! ಅದಕ್ಕೇ ಫೋನಿನ ಜಿಪಿಎಸ್ ತೋರಿಸೋ ಎತ್ತರವನ್ನ ಕಣ್ಮುಚ್ಚಿ ನಂಬಬೇಡಿ, ಜಿಪಿಎಸ್ ಎತ್ತರದಲ್ಲಿ ಜಾಸ್ತಿ ತಪ್ಪತ್ತೆ. ಎತ್ತರದ ಗೆರೆ ಇರೋ ನಕ್ಷೆ ನೋಡಿ, ನಿಮ್ಮ ಮಹಡಿ ಎತ್ತರ ಸೇರಿಸಿ ಬರೆದಿಟ್ಕೊಳ್ಳಿ.

ಸಮುದ್ರಮಟ್ಟಕ್ಕೆ ತರೋ ಲೆಕ್ಕ

ಬೇರೆ ಬೇರೆ ಎತ್ತರದ ಊರುಗಳ ಒತ್ತಡವನ್ನ ಹೋಲಿಸಬೇಕಂದ್ರೆ ಎಲ್ಲವನ್ನೂ ಸಮುದ್ರಮಟ್ಟಕ್ಕೆ ತರ್ಬೇಕು, ಹವಾಮಾನ ನಕ್ಷೇಲಿ ಕಾಣೋದು ಆ ಲೆಕ್ಕ ಮಾಡಿದ ಒತ್ತಡ. ಲೆಕ್ಕ ಹೀಗಿದೆ, ನಿಧಾನಕ್ಕೆ ಓದಿ:

ಮೀಟರ್‌ನಲ್ಲಿರೋ ಎತ್ತರವನ್ನ 0.0065ರಿಂದ ಗುಣಿಸಿ. ಬಂದಿದ್ದನ್ನ ‘ಕ’ ಅಂತ ಇಟ್ಕೊಳ್ಳಿ. ಹೊರಗಿನ ತಾಪಮಾನಕ್ಕೆ 273.15 ಸೇರಿಸಿ, ಅದಕ್ಕೆ ‘ಕ’ನೂ ಸೇರಿಸಿ. ಈಗ ‘ಕ’ವನ್ನ ಈ ಮೊತ್ತದಿಂದ ಭಾಗಿಸಿ, ಬಂದಿದ್ದನ್ನ 1ರಿಂದ ಕಳೆಯಿರಿ. ಉಳಿದ ಸಂಖ್ಯೆಯ ಘಾತ ಮೈನಸ್ 5.257 ಮಾಡಿ (ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಸಾಕು), ಅದರಿಂದ ನಿಮ್ಮ ಉಪಕರಣದ ಒತ್ತಡವನ್ನ ಗುಣಿಸಿ.

ಉದಾಹರಣೆಗೆ ಎತ್ತರ 600 ಮೀಟರ್, ತಾಪಮಾನ 25 ಡಿಗ್ರಿ, ಉಪಕರಣ ತೋರಿಸಿದ್ದು 945 ಅಂತಿಟ್ಕೊಳ್ಳಿ. ‘ಕ’ 3.9 ಆಯ್ತು, ಕೆಳಗಿನ ಮೊತ್ತ 302.05, ಭಾಗಿಸಿದ್ರೆ 0.0129, ಗುಣಿಸೋ ಅಂಶ 1.0707, ಉತ್ತರ 1011.8. ಒಂದು ಸಲ ಕೈಯಾರೆ ಮಾಡಿ ನೋಡಿ, ಆಮೇಲೆ ಸ್ಪ್ರೆಡ್‌ಶೀಟ್‌ಗೆ ಹಾಕಿಡಿ.

ಮುಳ್ಳನ್ನ ಹೊಂದಿಸೋದು

ಹತ್ತಿರದ ಹವಾಮಾನ ಕೇಂದ್ರದ ಸಮುದ್ರಮಟ್ಟದ ಒತ್ತಡ ನೋಡ್ಕೊಂಡು ಆನೆರಾಯ್ಡ್‌ನ ಹಿಂದಿರೋ ಸಣ್ಣ ಸ್ಕ್ರೂನ ತಿರುಗಿಸ್ಬೇಕು. ತುಂಬಾ ನಿಧಾನ, ಕಾಲು ಸುತ್ತೂ ದೊಡ್ಡದೇ. ಗಾಳಿ ಕಮ್ಮಿ ಇರೋ, ಹವೆ ಸ್ಥಿರವಾಗಿರೋ ದಿನ ಮಾಡಿ, ಚಂಡಮಾರುತ ಬರ್ತಿರೋ ದಿನ ಎರಡು ಜಾಗದ ಒತ್ತಡ ಒಂದೇ ಇರಲ್ಲ. ಇನ್ನೂ ಒಳ್ಳೇ ದಾರಿ ಅಂದ್ರೆ ಒಂದು ವಾರ ಸ್ಕ್ರೂ ಮುಟ್ಟದೆ ಬರೀ ವ್ಯತ್ಯಾಸ ಬರ್ಕೊಂಡು ಹೋಗಿ, ಸರಾಸರಿ ತೆಗೆದು ಒಂದೇ ಸಲ ಸರಿ ಮಾಡೋದು. ಎಲೆಕ್ಟ್ರಾನಿಕ್ ಆದ್ರೆ ಅದೇ ಸರಾಸರಿಯನ್ನ ಆಫ್‌ಸೆಟ್ ಅಂತ ಸೆಟ್ಟಿಂಗ್ಸ್‌ನಲ್ಲಿ ಹಾಕಿ. ತುಂಬಾ ಎತ್ತರದ ಊರಾದ್ರೆ ಕೆಲವು ಆನೆರಾಯ್ಡ್‌ಗಳಲ್ಲಿ ಸ್ಕ್ರೂ ಎಷ್ಟು ತಿರುಗಿಸಿದ್ರೂ ಮುಳ್ಳು ಸಾಲದು, ಬಲವಂತ ಮಾಡ್ಬೇಡಿ, ಎತ್ತರದ ಜಾಗಕ್ಕೆ ಅಂತಲೇ ಮಾಡಿರೋದು ಬೇಕು.

ಇಲ್ಲೊಂದು ಸೂಕ್ಷ್ಮ ಇದೆ, ಇದನ್ನ ಬಿಟ್ಟುಬಿಡೋರೇ ಜಾಸ್ತಿ. ವಿಮಾನ ನಿಲ್ದಾಣದ ವರದಿಯಲ್ಲಿ ಬರೋ ಒತ್ತಡಕ್ಕೆ ಕ್ಯೂಎನ್‌ಎಚ್ ಅಂತಾರೆ, ಅದು ಸುಲಭಕ್ಕೆ ಸಿಗತ್ತೆ ಅಂತ ಎಲ್ಲರೂ ಅದನ್ನೇ ತಗೋತಾರೆ. ಆದ್ರೆ ಅದು ಅವತ್ತಿನ ನಿಜವಾದ ತಾಪಮಾನ ತಗೊಳ್ಳಲ್ಲ, ಸ್ಟ್ಯಾಂಡರ್ಡ್ ವಾತಾವರಣ ಅಂತ ಒಂದು ಕಲ್ಪಿತ ಮಾದರಿ ಇದೆ (ಸಮುದ್ರಮಟ್ಟದಲ್ಲಿ 15 ಡಿಗ್ರಿ), ಆ ಪ್ರಕಾರ ಲೆಕ್ಕ ಮಾಡಿದ್ದು. ಮೇಲಿನ ಅದೇ 945ಕ್ಕೆ ಈ ರೀತಿ ಲೆಕ್ಕ ಹಾಕಿದ್ರೆ 1015.2 ಬರತ್ತೆ, ನಮ್ಮದು 1011.8. ಮೂರಕ್ಕಿಂತ ಜಾಸ್ತಿ ಹೆಕ್ಟೋಪಾಸ್ಕಲ್ ವ್ಯತ್ಯಾಸ, ಯಾವುದೂ ತಪ್ಪಲ್ಲ, ಎರಡು ಬೇರೆ ಲೆಕ್ಕ. ಸಮುದ್ರದ ಪಕ್ಕದಲ್ಲಿದ್ರೆ ಇದು ಬಾಧಿಸಲ್ಲ, ಎತ್ತರದ ಊರಲ್ಲಿದ್ರೆ ಯಾವ ಲೆಕ್ಕದ ಪ್ರಕಾರ ಹೊಂದಿಸ್ತಿದೀರಿ ಅಂತ ತೀರ್ಮಾನ ಮಾಡಿ ಅದಕ್ಕೇ ಅಂಟ್ಕೊಳ್ಳಿ.

ಓದೋದು, ಅರ್ಥ ಮಾಡ್ಕೊಳ್ಳೋದು

ಗಾಜಿನ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿ, ಲಿವರ್‌ಗಳು ಒಂದೊಂದ್ಸಲ ಸಿಕ್ಕಾಕ್ಕೊಂಡಿರ್ತವೆ. ಮುಳ್ಳಿನ ನೇರ ಎದುರು ನಿಂತು ಓದಿ. ಆಮೇಲೆ ಕೈಯಲ್ಲಿ ತಿರುಗಿಸೋ ಗುರುತಿನ ಮುಳ್ಳನ್ನ ಅದರ ಮೇಲೆ ತಂದು ನಿಲ್ಲಿಸಿ, ಮುಂದಿನ ಸಲ ಎಷ್ಟು ಸರಿದಿದೆ ಕಾಣತ್ತೆ. ಡಯಲ್ ಮೇಲಿರೋ ‘ಮಳೆ’, ‘ಬದಲಾವಣೆ’, ‘ಶುಭ್ರ’ ಅನ್ನೋ ಪದಗಳನ್ನ ಮರೆತುಬಿಡಿ. ಬೇಕಾಗಿರೋದು ಏರ್ತಿದ್ಯಾ, ಇಳೀತಿದ್ಯಾ, ಎಷ್ಟು ಬೇಗ ಅನ್ನೋದು.

ಬ್ರಿಟನ್‌ನಲ್ಲಿ ಹಡಗಿನವರಿಗೆ ಕೊಡೋ ಹವಾ ವರದಿಯಲ್ಲಿ ಇದಕ್ಕೆ ಒಳ್ಳೇ ಅಳತೆಗೋಲು ಇದೆ: ಮೂರು ಗಂಟೇಲಿ 1.5 ಹೆಕ್ಟೋಪಾಸ್ಕಲ್ ತನಕ ಇಳಿದ್ರೆ ‘ನಿಧಾನ’, 1.6ರಿಂದ 3.5 ಇಳಿದ್ರೆ ಬರೀ ‘ಇಳೀತಿದೆ’, 3.6ರಿಂದ 6 ಆದ್ರೆ ‘ವೇಗ’, 6 ದಾಟಿದ್ರೆ ‘ಅತಿ ವೇಗ’. ಭೂಮಧ್ಯರೇಖೆಯಿಂದ ದೂರದ ದೇಶಗಳಲ್ಲಿ ಇದು ಚೆನ್ನಾಗಿ ನಡೆಯತ್ತೆ.

ಉಷ್ಣವಲಯದಲ್ಲಿ ಇರೋರಿಗೆ ಮಾತ್ರ ಇದನ್ನ ಹಾಗೇ ತಗೊಂಡ್ರೆ ದಿನಾ ಮಧ್ಯಾಹ್ನ ಗಾಬರಿ ಆಗತ್ತೆ! ಅಲ್ಲಿ ಒತ್ತಡ ದಿನಕ್ಕೆ ಎರಡು ಸಲ ತಾನಾಗೇ ಏರಿಳಿಯತ್ತೆ, ಬೆಳಗ್ಗೆ ಮತ್ತು ರಾತ್ರಿ ಸುಮಾರು 10 ಗಂಟೆಗೆ ಮೇಲೆ, ಬೆಳಗಿನ ಜಾವ ಮತ್ತು ಮಧ್ಯಾಹ್ನ ಸುಮಾರು 4ಕ್ಕೆ ಕೆಳಗೆ, ವಾತಾವರಣ ಬಿಸಿಲಿಗೆ ಕಾದು ಏಳೋ ಒಂಥರಾ ಭರತ ಇಳಿತ ಇದು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕಕ್ಕೆ 3 ಹೆಕ್ಟೋಪಾಸ್ಕಲ್ ಇಳಿದ್ರೂ ಅದು ಮಳೆ ಸೂಚನೆ ಅಲ್ಲ, ಸೂರ್ಯನ ಕೆಲಸ. ಅದಕ್ಕೇ ಇವತ್ತಿನ ನಾಲ್ಕು ಗಂಟೆಯನ್ನ ನಿನ್ನೆ ನಾಲ್ಕು ಗಂಟೆ ಜೊತೆ ಹೋಲಿಸಿ, ಇವತ್ತಿನ ಹತ್ತು ಗಂಟೆ ಜೊತೆ ಅಲ್ಲ. ಈ ದಿನನಿತ್ಯದ ಏರಿಳಿತ ಕಳೆದ ಮೇಲೂ ಆ ಕಾಲದ ಮಾಮೂಲಿ ಒತ್ತಡಕ್ಕಿಂತ 3 ಹೆಕ್ಟೋಪಾಸ್ಕಲ್ ಕೆಳಗಿದ್ರೆ ಅನುಮಾನ ಪಡಿ, 5 ಕೆಳಗಿದ್ರೆ ಹತ್ತಿರದಲ್ಲೆಲ್ಲೋ ಚಂಡಮಾರುತ ಇರೋದು ಹೆಚ್ಚುಕಮ್ಮಿ ಖಚಿತ ಅನ್ನೋದು ನಾವಿಕರ ಹಳೇ ನಿಯಮ. 1979ರಲ್ಲಿ ಪೆಸಿಫಿಕ್‌ನ ಟಿಪ್ ಚಂಡಮಾರುತದ ನಡುವೆ 870 ಹೆಕ್ಟೋಪಾಸ್ಕಲ್ ಅಳೆದಿದ್ರು, ಸಮುದ್ರಮಟ್ಟದಲ್ಲಿ ದಾಖಲಾದ ಅತಿ ಕಡಿಮೆ ಒತ್ತಡ ಅದು. ಇಂಥ ಸಮಯದಲ್ಲಿ ಮನೆಯ ಉಪಕರಣದ ಮೇಲೆ ಕೂತು ಯೋಚನೆ ಮಾಡ್ಬೇಡಿ, ಸರ್ಕಾರಿ ಎಚ್ಚರಿಕೆ ಏನು ಹೇಳತ್ತೋ ಹಾಗೆ ಮಾಡಿ.

ಗುಡುಗುಮಳೆಯನ್ನ ಬ್ಯಾರೋಮೀಟರ್ ಮುಂಚಿತವಾಗಿ ಹೇಳುತ್ತೆ ಅಂತ ಕಾಯ್ಬೇಡಿ, ಅದು ಚಿಕ್ಕ ಜಾಗದಲ್ಲಿ ಬೇಗ ಹುಟ್ಟಿ ಮುಗಿಯೋ ವಿಷಯ. ಆದ್ರೆ ಮಳೆಗೆ ಮುಂಚೆ ತಣ್ಣನೆ ಗಾಳಿ ಬೀಸ್ತಲ್ಲ, ಆ ಕ್ಷಣ ಒತ್ತಡ ಪಟ್ಟಂತ ಒಂದೆರಡು ಹೆಕ್ಟೋಪಾಸ್ಕಲ್ ಜಿಗಿಯೋದು ಗ್ರಾಫ್‌ನಲ್ಲಿ ಕಾಣತ್ತೆ, ತಣ್ಣನೆ ಗಾಳಿ ಭಾರ ಅಲ್ವಾ, ಅದನ್ನ ನೋಡೋಕೆ ತುಂಬಾ ಚೆಂದ.

ತಾಪಮಾನ

ಥರ್ಮಾಮೀಟರ್ ಅಳೆಯಬೇಕಿರೋದು ಗಾಳಿಯ ತಾಪಮಾನ, ಬಿಸಿಲು ತಾಗಿದ್ರೆ ಅದು ತನ್ನದೇ ಮೈ ಬಿಸಿ ತೋರಿಸತ್ತೆ. ‘ಬಿಸಿಲಲ್ಲಿ 48 ಡಿಗ್ರಿ ಇತ್ತು’ ಅನ್ನೋ ಮಾತಿಗೆ ಹವಾಮಾನದ ಲೆಕ್ಕದಲ್ಲಿ ಬೆಲೆ ಇಲ್ಲ. ಇದಕ್ಕೇ ಸ್ಟೀವನ್‌ಸನ್ ಪೆಟ್ಟಿಗೆ ಬಂದಿದ್ದು, ಬಿಳಿ ಬಣ್ಣ, ನಾಲ್ಕು ಕಡೆ ಎರಡು ಪದರದ ಓರೆ ಪಟ್ಟಿಗಳು, ಗಾಳಿ ಆಡತ್ತೆ ಬಿಸಿಲು ಬೀಳಲ್ಲ. ಹುಲ್ಲಿನ ನೆಲದ ಮೇಲೆ, ಥರ್ಮಾಮೀಟರ್ ನೆಲದಿಂದ 1.25ರಿಂದ 2 ಮೀಟರ್ ಎತ್ತರಕ್ಕೆ ಬರೋ ಹಾಗೆ ನಿಲ್ಲಿಸಿ. ಬಾಗಿಲು ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ, ದಕ್ಷಿಣ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಇರ್ಲಿ, ತೆಗೆದಾಗ ಬಿಸಿಲು ಒಳಗೆ ಹೊಡೀಬಾರ್ದು. ಕಾಂಕ್ರೀಟ್ ತಾರಸಿ, ಗೋಡೆ, ಎಸಿಯ ಹೊರ ಯೂನಿಟ್ ಇವು ಹತ್ರ ಬೇಡ. ಬಡಗಿ ಕೆಲಸ ಆಗಲ್ಲ ಅಂದ್ರೆ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನ ಬೋರಲು ಹಾಕಿ ನಡುವೆ ಸಂದು ಬಿಟ್ಟು ಒಂದರ ಮೇಲೊಂದು ಜೋಡಿಸಿದ್ರೂ ಸೆನ್ಸರ್‌ಗೆ ಒಳ್ಳೇ ನೆರಳಾಗತ್ತೆ.

ಚೆಕ್ ಮಾಡೋದು ಸುಲಭ. ಐಸ್ ಪುಡಿ ಮಾಡಿ ಸ್ವಲ್ಪ ಶುದ್ಧ ನೀರು ಹಾಕಿ, ಥರ್ಮಾಮೀಟರ್ ತುದಿ ಅದರ ಮಧ್ಯ ಇಟ್ಟು ಕಲಕ್ತಾ ಇರಿ, ಕೆಲವು ನಿಮಿಷಕ್ಕೆ 0 ಡಿಗ್ರಿಗೆ ಬಂದು ನಿಲ್ಬೇಕು. ಅರ್ಧ ಡಿಗ್ರಿ ಆಚೀಚೆ ಇದ್ರೆ ಅದನ್ನ ಬರ್ಕೊಂಡು ಪ್ರತಿ ಸಲ ಕಳೀರಿ ಅಥವಾ ಕೂಡಿಸಿ. (ನೀರು ತಾಗಬಾರದ ಸೆನ್ಸರ್ ಆದ್ರೆ ಹೀಗೆ ಮುಳುಗಿಸ್ಬೇಡಿ.) ದಿನದ ಅತಿ ಹೆಚ್ಚು, ಅತಿ ಕಮ್ಮಿ ಎರಡೂ ಬೇಕಂದ್ರೆ 1780ರಲ್ಲಿ ಜೇಮ್ಸ್ ಸಿಕ್ಸ್ ಕಂಡುಹಿಡಿದ ಯು ಆಕಾರದ ಥರ್ಮಾಮೀಟರ್ ಇದೆ, ಎರಡು ಸಣ್ಣ ಸೂಚಕ ಕಡ್ಡಿಗಳು ಎಲ್ಲಿ ತನಕ ತಳ್ಳಲ್ಪಟ್ಟಿದ್ವೋ ಅಲ್ಲೇ ನಿಂತಿರ್ತವೆ, ಓದಿ ರೀಸೆಟ್ ಮಾಡಿ. ಇದರಲ್ಲೂ ಹಳೇವಕ್ಕೆ ಪಾದರಸ ಇರತ್ತೆ, ಡಿಜಿಟಲ್ ತಗೊಳ್ಳೋದೇ ವಾಸಿ.

ತೇವಾಂಶ

ಎರಡು ಒಂದೇ ಥರದ ಥರ್ಮಾಮೀಟರ್ ತಗೊಳ್ಳಿ, ಒಂದರ ಬುರುಡೆಗೆ ತೆಳು ಹತ್ತಿಬಟ್ಟೆ ಸುತ್ತಿ ಅದರ ತುದಿ ಶುದ್ಧ ನೀರಲ್ಲಿರೋ ಹಾಗೆ ಮಾಡಿ. ನೀರು ಆವಿಯಾಗ್ತಾ ಆ ಬುರುಡೆ ತಣ್ಣಗಾಗತ್ತೆ, ಗಾಳಿ ಒಣಗಿದ್ದಷ್ಟೂ ಜಾಸ್ತಿ ತಣ್ಣಗಾಗತ್ತೆ, ಎರಡರ ವ್ಯತ್ಯಾಸದಿಂದ ತೇವಾಂಶ ಸಿಗತ್ತೆ. ಫ್ಯಾನಿನಿಂದಲೋ ಕೈಯಲ್ಲಿ ತಿರುಗಿಸಿಯೋ ಗಾಳಿ ಚೆನ್ನಾಗಿ ಬೀಸಬೇಕು, ಒದ್ದೆದನ್ನ ಮೊದಲು ಓದ್ಬೇಕು. ಒಣದು 30, ಒದ್ದೆದು 25 ಡಿಗ್ರಿ ತೋರಿಸಿದ್ರೆ: 25 ಡಿಗ್ರಿಯಲ್ಲಿ ಗಾಳಿ ಹಿಡಿಯಬಲ್ಲ ಆವಿಯ ಒತ್ತಡ 31.67 ಹೆಕ್ಟೋಪಾಸ್ಕಲ್, ಅದರಿಂದ 0.000662 (ಈ ಲೆಕ್ಕದ ಸ್ಥಿರ ಸಂಖ್ಯೆ) ಗುಣಿಸು 1013 (ಗಾಳಿಯ ಒತ್ತಡ) ಗುಣಿಸು 5 (ಎರಡರ ವ್ಯತ್ಯಾಸ) ಅಂದ್ರೆ 3.35 ಕಳೀರಿ, 28.3 ಉಳೀತು, 30 ಡಿಗ್ರಿಯ 42.43ರಿಂದ ಭಾಗಿಸಿ, 67 ಪರ್ಸೆಂಟ್. (1013ರ ಜಾಗದಲ್ಲಿ ನಿಮ್ಮ ಊರಿನ ನಿಜವಾದ ಒತ್ತಡ ಹಾಕಿ, ಸಮುದ್ರಮಟ್ಟಕ್ಕೆ ತಂದಿದ್ದಲ್ಲ.) ಬಟ್ಟೆ ಕೊಳೆಯಾದ್ರೆ, ಗಡಸು ನೀರು ಹಾಕಿ ಉಪ್ಪು ಕಟ್ಟಿದ್ರೆ ಒದ್ದೆ ಬುರುಡೆ ಸರಿಯಾಗಿ ತಣ್ಣಗಾಗಲ್ಲ, ತೇವಾಂಶ ಇರೋದಕ್ಕಿಂತ ಜಾಸ್ತಿ ತೋರಿಸತ್ತೆ, ಬಟ್ಟೆ ಬದಲಾಯಿಸ್ತಾ ಇರಿ.

ಡಿಜಿಟಲ್ ಹೈಗ್ರೋಮೀಟರ್ ಇದ್ರೆ ಅಡುಗೆ ಉಪ್ಪಿಂದಲೇ ಪರೀಕ್ಷೆ ಮಾಡ್ಬಹುದು, ನನಗೆ ತುಂಬಾ ಇಷ್ಟದ ಪರೀಕ್ಷೆ ಇದು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ ಒದ್ದೆ ಮರಳಿನ ಹದಕ್ಕೆ ಬರೋಷ್ಟು ಮಾತ್ರ ನೀರು ಬಿಡಿ, ಕರಗಿಸ್ಬೇಡಿ. ಅದನ್ನ ಮತ್ತು ಮೀಟರ್‌ನ ಗಾಳಿಯಾಡದ ಡಬ್ಬೀಲಿಟ್ಟು ರಾತ್ರಿಯಿಡೀ ಬಿಡಿ, ಒಳಗಿನ ತೇವಾಂಶ 75 ಪರ್ಸೆಂಟ್‌ಗೆ ಬಂದು ನಿಲ್ಲತ್ತೆ. ಮೀಟರ್ 70 ಅಂದ್ರೆ 5 ಕಮ್ಮಿ ತೋರಿಸ್ತಿದೆ ಅಂತ ಅರ್ಥ.

ಮಳೆ

1 ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. ಇಷ್ಟು ಗೊತ್ತಿದ್ರೆ ಮಳೆಮಾಪಕ ನೀವೇ ಮಾಡ್ಕೋಬಹುದು. 20 ಸೆಂಟಿಮೀಟರ್ ವ್ಯಾಸದ ಆಲಿಕೆಯ ಬಾಯಿ 314 ಚದರ ಸೆಂಟಿಮೀಟರ್, ಹಾಗಾಗಿ ಅದರ ಕೆಳಗಿನ ಬಾಟಲಿಯಲ್ಲಿ 31.4 ಮಿಲಿಲೀಟರ್ ನೀರು ಸೇರಿದ್ರೆ 1 ಮಿಲಿಮೀಟರ್ ಮಳೆ. ಬಾಯಿ ಸಮತಟ್ಟಾಗಿರ್ಬೇಕು, ಸುತ್ತಲಿನ ಮರ ಗೋಡೆಗಳು ಮಾಪಕದ ಬಾಯಿಗಿಂತ ಎಷ್ಟು ಎತ್ತರ ಇವೆಯೋ ಅದರ ಎರಡು ಪಟ್ಟಾದ್ರೂ ದೂರ ಇರ್ಬೇಕು. ತಾರಸಿ ಅಂಚಲ್ಲಿ ಇಡೋದು ಬೇಡ, ಅಲ್ಲಿ ಗಾಳಿ ಮೇಲಕ್ಕೆ ಎದ್ದು ಹನಿಗಳನ್ನ ಹಾರಿಸ್ಕೊಂಡು ಹೋಗತ್ತೆ, ಮಳೆ ಕಮ್ಮಿ ಬಿದ್ದಂಗೆ ಕಾಣತ್ತೆ. ದಿನಾ ಒಂದೇ ಹೊತ್ತಿಗೆ, ಬೆಳಗ್ಗೆ, ಅಳೆದು ಚೆಲ್ಲಿ. ಸೊನ್ನೆ ಇದ್ರೂ ಸೊನ್ನೆ ಅಂತ ಬರೀರಿ, ಖಾಲಿ ಬಿಟ್ರೆ ಮಳೆ ಬರ್ಲಿಲ್ವೋ ನೀವು ಅಳೀಲಿಲ್ವೋ ಆಮೇಲೆ ಗೊತ್ತಾಗಲ್ಲ.

ಎಲೆಕ್ಟ್ರಾನಿಕ್ ಸ್ಟೇಷನ್‌ಗಳಲ್ಲಿ ತೂಗುಯ್ಯಾಲೆ ಥರ ಎರಡು ಪುಟ್ಟ ಬಕೆಟ್ ಇರ್ತವೆ, ಒಂದು ತುಂಬಿ ಮಗುಚಿದ್ರೆ ಇನ್ನೊಂದು ಬರತ್ತೆ. ಜೋರು ಮಳೇಲಿ ಮಗುಚೋ ಹೊತ್ತಲ್ಲಿ ಬಿದ್ದ ನೀರು ಲೆಕ್ಕ ತಪ್ಪತ್ತೆ, ಹಾಗಾಗಿ ಪಕ್ಕದಲ್ಲಿ ಮಾಮೂಲಿ ಮಾಪಕವೂ ಒಂದಿರ್ಲಿ. ಪರೀಕ್ಷೆಗೆ, ಬಾಯಿ 200 ಚದರ ಸೆಂಟಿಮೀಟರ್ ಇದ್ದು ಒಂದು ಮಗುಚಿಗೆ 0.2 ಮಿಲಿಮೀಟರ್ ಅಂತಿದ್ರೆ, 400 ಮಿಲಿಲೀಟರ್ ನೀರನ್ನ ಹನಿಹನಿಯಾಗಿ ಬಿಡಿ, ನೂರು ಸಲ ಮಗುಚಿ 20 ಮಿಲಿಮೀಟರ್ ತೋರಿಸ್ಬೇಕು.

ಗಾಳಿ

ಇದು ಮನೇಲಿ ಸರಿಯಾಗಿ ಅಳೆಯೋಕೆ ಎಲ್ಲಕ್ಕಿಂತ ಕಷ್ಟ. ರಾಬಿನ್‌ಸನ್ 1846ರಲ್ಲಿ ಮಾಡಿದ ತಿರುಗೋ ಬಟ್ಟಲುಗಳ ಮಾದರಿಯೇ ಇವತ್ತಿಗೂ ನಡೀತಿದೆ, ತೊಂದರೆ ಉಪಕರಣದ್ದಲ್ಲ, ಜಾಗದ್ದು. ಅಧಿಕೃತ ಎತ್ತರ ಬಯಲಲ್ಲಿ 10 ಮೀಟರ್, ಅಡ್ಡ ಇರೋ ಮರ ಕಟ್ಟಡಗಳು ತಮ್ಮ ಎತ್ತರದ 10 ಪಟ್ಟು ದೂರ ಇರ್ಬೇಕು. ಇದು ಎಷ್ಟು ಜನಕ್ಕೆ ಸಾಧ್ಯ? ಆದಷ್ಟು ಎತ್ತರದ ಕಂಬಕ್ಕೆ ಹಾಕಿ, ಸಿಡಿಲಿನ ರಕ್ಷಣೆ ನೋಡ್ಕೊಳ್ಳಿ, ಬಂದ ಅಂಕಿಯನ್ನ ಬೇರೆಯವರ ಅಂಕಿ ಜೊತೆ ಹೋಲಿಸೋದನ್ನ ಬಿಡಿ. ದಿಕ್ಕು ಬರೆಯೋವಾಗ ಗಾಳಿ ಎಲ್ಲಿಂದ ಬರತ್ತೋ ಅದನ್ನ ಬರೀಬೇಕು, ಪಶ್ಚಿಮದಿಂದ ಬಂದ್ರೆ ಅದು ಪಶ್ಚಿಮದ ಗಾಳಿ, ಗಾಳಿಯ ದಿಕ್ಕು ತೋರಿಸೋ ಬಾಣದ ತಲೆಯೂ ಅದೇ ಕಡೆ ಇರತ್ತೆ.

ಉಪಕರಣ ಇಲ್ದೇನೂ ನಡೆಯತ್ತೆ. ಬ್ರಿಟಿಷ್ ನೌಕಾಪಡೆಯ ಬ್ಯೂಫೋರ್ಟ್ 1805ರಲ್ಲಿ ಶುರುಮಾಡಿದ ಪಟ್ಟಿ 0ಯಿಂದ 12ರ ತನಕ ಇದೆ: ಹೊಗೆ ನೆಟ್ಟಗೆ ಮೇಲಕ್ಕೆ ಹೋದ್ರೆ 0, ಎಲೆ ಸಣ್ಣ ರೆಂಬೆ ಬಿಡದೆ ಅಲ್ಲಾಡಿದ್ರೆ 3 (ಗಂಟೆಗೆ 12ರಿಂದ 19 ಕಿಲೋಮೀಟರ್), ಧೂಳು ಕಾಗದ ಎದ್ರೆ 4 (20ರಿಂದ 28), ದೊಡ್ಡ ಕೊಂಬೆ ಅಲ್ಲಾಡಿ ಛತ್ರಿ ಹಿಡಿಯೋಕೆ ಕಷ್ಟ ಆದ್ರೆ 6 (39ರಿಂದ 49), 118 ಮುಟ್ಟಿದ್ರೆ 12. ವೇಗ ಎರಡು ಪಟ್ಟಾದ್ರೆ ಗಾಳಿಯ ತಳ್ಳುವ ಬಲ ನಾಲ್ಕು ಪಟ್ಟಾಗತ್ತೆ ಅನ್ನೋದು ನೆನಪಿರ್ಲಿ, ಕಂಬ ಕಟ್ಟೋವಾಗ ಕೂಡ.

ಗಾಳಿ ಮತ್ತು ಬ್ಯಾರೋಮೀಟರ್ ಒಟ್ಟಿಗೆ ನೋಡಿದ್ರೆ ಇನ್ನೊಂದು ವಿಷಯ ಸಿಗತ್ತೆ. ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತ್ರೆ ವಾಯುಭಾರ ಕುಸಿತದ ಕೇಂದ್ರ ನಿಮ್ಮ ಎಡಗಡೆ ಇರತ್ತೆ, ದಕ್ಷಿಣ ಗೋಳಾರ್ಧದಲ್ಲಿ ಬಲಗಡೆ, ಇದಕ್ಕೆ ಬೈಸ್ ಬ್ಯಾಲಟ್ ನಿಯಮ ಅಂತಾರೆ, 1857ರದ್ದು. ಭೂಮಧ್ಯರೇಖೆ ಹತ್ರ ಇದು ನಡೆಯಲ್ಲ, ಬೆಟ್ಟ, ಕಟ್ಟಡಗಳ ನಡುವೆ ತಿರುಗಿ ಬರೋ ಗಾಳಿಗೂ ನಡೆಯಲ್ಲ, ಮೋಡದ ಚಲನೆ ನೋಡಿದ್ರೆ ಹೆಚ್ಚು ನಂಬಬಹುದು.

ಪುಸ್ತಕ ಇಡೋದು

ತಾರೀಖು, ಸಮಯ, ಒತ್ತಡ (ಉಪಕರಣದ್ದು ಮತ್ತು ಸಮುದ್ರಮಟ್ಟದ್ದು ಎರಡೂ), ಹಿಂದಿನ ದಿನದ ಇದೇ ಹೊತ್ತಿಗಿಂತ ವ್ಯತ್ಯಾಸ, ಒಣ ಒದ್ದೆ ತಾಪಮಾನ, ಮಳೆ, ಗಾಳಿ, ಮೋಡ, ಒಂದು ಸಾಲು ಷರಾ. ದಿನಕ್ಕೆ ಎರಡು ಸಲ ಸಾಕು, ಆದ್ರೆ ಸಮಯ ಬದಲಾಯಿಸ್ಬೇಡಿ. ಉಪಕರಣದ ಸ್ಕ್ರೂ ಮುಟ್ಟಿದ್ರೆ, ಬಟ್ಟೆ ಬದಲಾಯಿಸಿದ್ರೆ, ಪಕ್ಕದಲ್ಲಿ ಹೊಸ ಗೋಡೆ ಎದ್ರೆ ಅದನ್ನೂ ಬರೀರಿ. ಜಾಗ ಬದಲಾಯಿಸ್ಲೇಬೇಕಾಗಿ ಬಂದ್ರೆ ಹಳೇ ಜಾಗದಲ್ಲೂ ಹೊಸ ಜಾಗದಲ್ಲೂ ಒಂದಷ್ಟು ವಾರ ಒಟ್ಟಿಗೆ ಅಳೆದು ವ್ಯತ್ಯಾಸ ಎಷ್ಟು ಅಂತ ತಿಳ್ಕೊಂಡು ಆಮೇಲೆ ಹಳೇದನ್ನ ಕೀಳಿ, ಇಲ್ಲಾಂದ್ರೆ ಮುಂದೊಂದಿನ ಗ್ರಾಫ್ ನೋಡ್ದಾಗ ಬದಲಾಗಿದ್ದು ಹವೆಯೋ ಜಾಗವೋ ಅಂತ ಹೇಳೋಕಾಗಲ್ಲ.